ಮಿದುಳಿನ ಅಲೆಗಳನ್ನು ಕಾಗದಕ್ಕಿಳಿಸಿದ ಹಾನ್ಸ್ ಬರ್ಗರ್

ಮಕ್ಕಳಿಗೆ ಮೂರ್ಛೆ ಬರುವುದು ಸಾಮಾನ್ಯವಾಗಿ ವೈದ್ಯರ ಎದುರಿನಲ್ಲಲ್ಲ. ಬೆಳಗಿನ ಜಾವದ ನಿದ್ರೆಯಲ್ಲಿ, ಶಾಲೆಯ ಬೆಂಚಿನ ಮೇಲೆ, ಬಚ್ಚಲಮನೆಯಲ್ಲಿ ಅದು ಬಂದು ಹೋಗಿರುತ್ತದೆ. ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಮಗು ಎಂದಿನಂತೆ ಆಡುತ್ತಿರುತ್ತದೆ. ತಾಯಿಯ ಗಾಬರಿಯ ವಿವರಣೆಯೊಂದೇ ವೈದ್ಯರಿಗೆ ಉಳಿದ ಆಧಾರ. ಈ ಕೊರತೆಯನ್ನು ನೀಗಿಸಲು ಇಂದು ಅಂಗೈಯಗಲದ ಇಇಜಿ ಯಂತ್ರಗಳು ಬಂದಿವೆ. ಮಗುವಿನ ತಲೆಗೆ ಅಂಟಿಸಿದ ಪುಟ್ಟ ವಿದ್ಯುದ್ವಾರಗಳು, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆ, ಮನೆಯಲ್ಲೇ ಒಂದು ಹಗಲು ಒಂದು ರಾತ್ರಿಯ ದಾಖಲೆ. ಮಿದುಳು ಏನು ಮಾಡಿತೆಂಬುದು ಗೆರೆಗಳಲ್ಲಿ ಮೂಡುತ್ತದೆ.

ಈ ಗೆರೆಗಳನ್ನು ಮನುಷ್ಯನ ತಲೆಯಿಂದ ಮೊದಲ ಬಾರಿಗೆ ಪಡೆದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅವರು ಹುಡುಕಿದ್ದೇ ಒಂದು, ಅವರಿಗೆ ದೊರೆತದ್ದೇ ಮತ್ತೊಂದು. ಮೂರ್ಛೆರೋಗದ ಮಕ್ಕಳಿಗೆ ಅವರ ಶೋಧ ವರವಾಯಿತು. ಆದರೆ ಅದೇ ರೋಗದವರಿಗೆ ಮಕ್ಕಳೇ ಆಗದಂತೆ ತೀರ್ಪು ನೀಡುತ್ತಿದ್ದ ಪೀಠದಲ್ಲಿಯೂ ಅವರು ಕುಳಿತಿದ್ದರು. ಬರ್ಗರ್ ಅವರ ಜೀವನವನ್ನು ಈ ಎರಡೂ ಸಂಗತಿಗಳನ್ನು ಕೂಡಿಸಿಯೇ ಓದಬೇಕಾಗುತ್ತದೆ.

ಕವಿಯ ಮೊಮ್ಮಗ

ಬರ್ಗರ್ ಜನಿಸಿದ್ದು 1873ರ ಮೇ 21ರಂದು, ಕೋಬುರ್ಗ್ ಪಟ್ಟಣಕ್ಕೆ ಸಮೀಪದ ನೊಯ್ಸಸ್ ಎಂಬ ಗ್ರಾಮದಲ್ಲಿ. ತಂದೆ ಪೌಲ್ ಫ್ರೀಡ್ರಿಕ್ ಬರ್ಗರ್ ವೈದ್ಯರು. ತಾಯಿ ಅನ್ನಾ, ಹೆಸರಾಂತ ಕವಿ ಹಾಗೂ ಪ್ರಾಚ್ಯವಿದ್ಯಾ ಪಂಡಿತ ಫ್ರೀಡ್ರಿಕ್ ರೂಕರ್ಟ್ ಅವರ ಮಗಳು. ರೂಕರ್ಟ್ ಹೆಸರು ಭಾರತೀಯರಿಗೆ ಅಪರಿಚಿತವಾಗಬೇಕಿಲ್ಲ. ನಳ ದಮಯಂತಿಯರ ಕಥೆಯನ್ನು 1828ರಲ್ಲಿ ಜರ್ಮನ್ ಪದ್ಯಕ್ಕೆ ತಂದವರು ಅವರು. ತಮ್ಮ ಇಬ್ಬರು ಎಳೆಯ ಮಕ್ಕಳನ್ನು ಜ್ವರಕ್ಕೆ ಬಲಿಗೊಟ್ಟ ದುಃಖದಲ್ಲಿ ನಾನೂರಕ್ಕೂ ಹೆಚ್ಚು ಕವನಗಳನ್ನು ಬರೆದವರೂ ಅವರೇ. ಮೊಮ್ಮಗ ಹುಟ್ಟುವ ಏಳು ವರ್ಷ ಮೊದಲೇ ಅವರು ತೀರಿಕೊಂಡಿದ್ದರು.

ಬಾಲಕ ಹಾನ್ಸ್‌ಗೆ ಒಲವಿದ್ದುದು ಗಣಿತ ಮತ್ತು ಖಗೋಳಶಾಸ್ತ್ರದ ಕಡೆಗೆ. 1892ರಲ್ಲಿ ಶಾಲಾ ಶಿಕ್ಷಣ ಮುಗಿಸಿ ವಿಶ್ವವಿದ್ಯಾನಿಲಯ ಸೇರಿದರೂ ಮನಸ್ಸು ನಿಲ್ಲಲಿಲ್ಲ. ಓದನ್ನು ಬದಿಗಿಟ್ಟು ಸೈನ್ಯದಲ್ಲಿ ಒಂದು ವರ್ಷದ ಸೇವೆಗೆ ಸೇರಿದರು.

ಆ ಸೇವೆಯ ಅವಧಿಯಲ್ಲಿ, ವ್ಯೂರ್ಟ್ಸ್‌ಬುರ್ಗ್ ಬಳಿ ನಡೆದ ತಾಲೀಮಿನಲ್ಲಿ, ಅವರ ಕುದುರೆ ಮುಂಗಾಲೆತ್ತಿ ನಿಂತಿತು. ಸವಾರ ಕೆಳಕ್ಕುರುಳಿದರು. ಬಿದ್ದದ್ದು ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿಗಾಡಿಯ ದಾರಿಯಲ್ಲಿ. ಗಾಡಿ ಕಡೆಯ ಕ್ಷಣದಲ್ಲಿ ನಿಂತದ್ದರಿಂದ ಜೀವ ಉಳಿಯಿತು. ಅದೇ ದಿನ ಸಂಜೆ ತಂದೆಯಿಂದ ತಂತಿ ಬಂದಿತು, ಮಗನ ಕ್ಷೇಮ ವಿಚಾರಿಸಿ. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಅಪಾಯ ಒದಗಿತೆಂಬ ಭಾವನೆ ಬಲವಾಗಿ ಮೂಡಿ, ಆಕೆ ತಂದೆಯನ್ನು ಒತ್ತಾಯಿಸಿ ತಂತಿ ಕಳುಹಿಸಿದ್ದಳು.

ಇದು ಕಾಕತಾಳೀಯವಾಗಿರಬಹುದು. ಬರ್ಗರ್ ಹಾಗೆಂದು ಒಪ್ಪಲಿಲ್ಲ. ಪ್ರಾಣಭಯದ ಗಳಿಗೆಯಲ್ಲಿ ತನ್ನ ಮನಸ್ಸು ಹೊರಸೂಸಿದ ಯಾವುದೋ ಶಕ್ತಿ ಅಕ್ಕನನ್ನು ಮುಟ್ಟಿತೆಂದೇ ಅವರು ನಂಬಿದರು. ಮನಸ್ಸಿಗೆ ಶಕ್ತಿಯಿದ್ದರೆ ಅದನ್ನು ಅಳೆಯಲು ಬರಬೇಕು ಎಂಬುದು ಅವರ ತರ್ಕ. ಖಗೋಳಶಾಸ್ತ್ರ ಅಲ್ಲಿಗೆ ಮುಗಿಯಿತು, ವೈದ್ಯಶಾಸ್ತ್ರ ಆರಂಭವಾಯಿತು.

ಮೂರು ದಾರಿ, ಒಂದೇ ಗುರಿ

1897ರಲ್ಲಿ ಯೇನಾದಲ್ಲಿ ವೈದ್ಯ ಪದವಿ ಪಡೆದ ಬರ್ಗರ್, ಅಲ್ಲಿನ ಮನೋರೋಗ ಚಿಕಿತ್ಸಾಲಯದಲ್ಲಿ ಓಟೋ ಬಿನ್ಸ್‌ವಾಂಗರ್ ಅವರ ಸಹಾಯಕರಾಗಿ ಸೇರಿದರು. ತತ್ವಜ್ಞಾನಿ ನೀಚೆ ಬುದ್ಧಿಭ್ರಮಣೆಗೊಳಗಾದಾಗ ದಾಖಲಾಗಿದ್ದ ಚಿಕಿತ್ಸಾಲಯವದು. ಬಿನ್ಸ್‌ವಾಂಗರ್ ಮೂರ್ಛೆರೋಗದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದವರು. ಬರ್ಗರ್ ತಮ್ಮ ವೃತ್ತಿಜೀವನವನ್ನೆಲ್ಲ ಈ ಒಂದೇ ಸಂಸ್ಥೆಯಲ್ಲಿ ಕಳೆದರು.

ಮನಸ್ಸಿನ ಶಕ್ತಿಯನ್ನು ಹಿಡಿಯಲು ಅವರು ಮೊದಲು ಆರಿಸಿಕೊಂಡ ದಾರಿ ರಕ್ತಸಂಚಾರ. ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯಲ್ಲಿ ಕಿಂಡಿ ಉಳಿದಿದ್ದ ರೋಗಿಗಳಲ್ಲಿ, ಭಾವನೆಗಳು ಬದಲಾದಂತೆ ಮಿದುಳಿನ ಮಿಡಿತ ಹೇಗೆ ಬದಲಾಗುತ್ತದೆಂದು ಅಳೆದರು. ಎರಡನೆಯ ದಾರಿ ಉಷ್ಣಾಂಶ. 1910ರಲ್ಲಿ ಮಿದುಳಿನ ಉಷ್ಣಾಂಶದ ಮೇಲೆ ಪುಸ್ತಕ ಪ್ರಕಟಿಸಿದರು. ಎರಡೂ ಕೈಹಿಡಿಯಲಿಲ್ಲ. ಉಳಿದದ್ದು ವಿದ್ಯುತ್ತು.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಸಂಚಾರವಿದೆಯೆಂಬುದು ಆಗಲೇ ತಿಳಿದಿತ್ತು. ಲಿವರ್‌ಪೂಲ್‌ನ ರಿಚರ್ಡ್ ಕೇಟನ್ 1875ರಲ್ಲಿ ಮೊಲ ಮತ್ತು ಕೋತಿಗಳಲ್ಲಿ ಅದನ್ನು ಕಂಡಿದ್ದರು. ಪೋಲೆಂಡಿನ ಅಡಾಲ್ಫ್ ಬೆಕ್ ಮತ್ತಿತರರು ಅದನ್ನು ಮುಂದುವರಿಸಿದ್ದರು. ಆದರೆ ಅವೆಲ್ಲ ತೆರೆದ ಮಿದುಳಿನ ಮೇಲಿನ ಪ್ರಯೋಗಗಳು. ಜೀವಂತ ಮನುಷ್ಯನ ಮುಚ್ಚಿದ ತಲೆಯ ಹೊರಗಿನಿಂದ ಅದನ್ನು ಕೇಳಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ.

1911ರಲ್ಲಿ ಬರ್ಗರ್ ವಿವಾಹವಾಯಿತು. ಪತ್ನಿ ಉರ್ಸುಲಾ ಫಾನ್ ಬ್ಯೂಲೋ. ಮೊದಲ ಮಹಾಯುದ್ಧದಲ್ಲಿ ಅವರು ಪಶ್ಚಿಮ ರಣರಂಗದಲ್ಲಿ ಸೇನೆಯ ಮನೋವೈದ್ಯರಾಗಿ ಕೆಲಸ ಮಾಡಿದರು. ಹಿಂದಿರುಗಿದ ಬಳಿಕ, 1919ರಲ್ಲಿ, ಬಿನ್ಸ್‌ವಾಂಗರ್ ಅವರ ಸ್ಥಾನಕ್ಕೆ ಬಂದು ಚಿಕಿತ್ಸಾಲಯದ ನಿರ್ದೇಶಕರಾದರು.

ಹಗಲಿನ ಬರ್ಗರ್ ಶಿಸ್ತಿನ ಸಿಪಾಯಿ. ಗಡಿಯಾರಕ್ಕೆ ಕಟ್ಟಿಬಿದ್ದ ದಿನಚರಿ, ಮಿತಮಾತು, ನಗುವೇ ಅಪರೂಪ. ಸಂಜೆಯ ವೇಳೆಗೆ ಅವರು ಚಿಕಿತ್ಸಾಲಯದ ಆವರಣದ ಸಣ್ಣ ಕಟ್ಟಡವೊಂದಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ನಡೆಯುತ್ತಿದ್ದುದೇನೆಂದು ಸಹೋದ್ಯೋಗಿಗಳಲ್ಲಿ ಬೆರಳೆಣಿಕೆಯ ಮಂದಿಗೆ ಮಾತ್ರ ಗೊತ್ತಿತ್ತು.

1924ರ ಜುಲೈ 6

ಆ ದಿನ ಸಿಕ್ಕ ಅವಕಾಶ ಹದಿನೇಳು ವರ್ಷದ ಹುಡುಗನೊಬ್ಬನಿಂದ. ಮಿದುಳಿನ ಗಡ್ಡೆಯ ಶಂಕೆಯಿಂದ ಶಸ್ತ್ರವೈದ್ಯ ನಿಕೊಲಾಯ್ ಗುಲೆಕೆ ಅವನ ತಲೆಬುರುಡೆಯನ್ನು ತೆರೆದಿದ್ದರು. ಮೂಳೆಯ ಅಡ್ಡಿ ಇಲ್ಲದ ಆ ಜಾಗಕ್ಕೆ ಬರ್ಗರ್ ವಿದ್ಯುದ್ವಾರಗಳನ್ನಿಟ್ಟು ತಂತಿಗಳನ್ನು ಗ್ಯಾಲ್ವನೋಮೀಟರ್‌ಗೆ ಜೋಡಿಸಿದರು. ಮಾಪಕ ಕಂಪಿಸಿತು. ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ ಮೊದಲ ದಿನವೆಂದು ಇತಿಹಾಸ ಇದನ್ನೇ ಗುರುತಿಸುತ್ತದೆ.

ಬರ್ಗರ್ ಮಾತ್ರ ಸಂಭ್ರಮಿಸಲಿಲ್ಲ. ಕಂಪನ ಮಿದುಳಿನದೋ, ಹೃದಯದ್ದೋ, ರಕ್ತನಾಳದ ಮಿಡಿತವೋ, ಹಣೆಯ ಸ್ನಾಯುವಿನ ಎಳೆತವೋ? ನೆತ್ತಿಯ ಮೇಲೆ ದೊರೆಯುವ ವಿದ್ಯುತ್ತು ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತು ಭಾಗಗಳಷ್ಟೇ. ಇಷ್ಟು ಕ್ಷೀಣವಾದ ಸಂಕೇತಕ್ಕೆ ಕಣ್ಣುರೆಪ್ಪೆ ಮಿಟುಕಿದರೂ ಧಕ್ಕೆ. ವಿದ್ಯುತ್ ಯಂತ್ರಗಳ ವಿಷಯದಲ್ಲಿ ಅವರಿಗೆ ವಿಶೇಷ ತರಬೇತಿಯೂ ಇರಲಿಲ್ಲ. ಸೂಜಿ, ಸೀಸದ ತಗಡು, ಬೆಳ್ಳಿಯ ತಗಡು ಎಂದು ಒಂದೊಂದನ್ನೂ ಪರೀಕ್ಷಿಸುತ್ತಾ, ಸೀಮನ್ಸ್ ಸಂಸ್ಥೆಯ ಹೊಸ ಗ್ಯಾಲ್ವನೋಮೀಟರ್ ತರಿಸಿಕೊಳ್ಳುತ್ತಾ ಐದು ವರ್ಷ ಕಳೆದರು. ತಮ್ಮ ಬೋಳುತಲೆಯನ್ನೇ ಪ್ರಯೋಗಕ್ಕೊಡ್ಡಿದರು. ಹದಿಹರೆಯದ ಮಗ ಕ್ಲೌಸ್‌ನನ್ನು ಮತ್ತೆ ಮತ್ತೆ ಕೂರಿಸಿ ದಾಖಲಿಸಿದರು. ಸ್ವಸ್ಥ ಮಿದುಳಿನ ಅಲೆಗಳ ಮೊಟ್ಟಮೊದಲ ಮಾದರಿಗಳಲ್ಲಿ ಹಲವು ಆ ಹುಡುಗನವು.

1929ರಲ್ಲಿ ಮನುಷ್ಯನ ಎಲೆಕ್ಟ್ರೆನ್ಸೆಫಲೊಗ್ರಾಂ ಎಂಬ ವಿಷಯದ ಮೇಲೆ ಅವರ ಮೊದಲ ಲೇಖನ ಬೆಳಕು ಕಂಡಿತು. ಮುಂದಿನ ಒಂಬತ್ತು ವರ್ಷಗಳಲ್ಲಿ ಅದೇ ಶೀರ್ಷಿಕೆಗೆ ಕ್ರಮಸಂಖ್ಯೆ ಹಾಕುತ್ತಾ ಹೋದರು, ಒಟ್ಟು ಹದಿನಾಲ್ಕು. ಕಣ್ಣು ಮುಚ್ಚಿ ಶಾಂತವಾಗಿರುವಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ದೊಡ್ಡ ಅಲೆಗೆ ಆಲ್ಫಾ ಎಂದೂ, ಅದಕ್ಕಿಂತ ವೇಗದ ಸಣ್ಣ ಅಲೆಗೆ ಬೀಟಾ ಎಂದೂ ಹೆಸರಿಟ್ಟರು. ಕಣ್ಣು ತೆರೆದೊಡನೆ, ಇಲ್ಲವೇ ಲೆಕ್ಕ ಮಾಡಲು ತೊಡಗಿದೊಡನೆ ಆಲ್ಫಾ ಅಲೆ ಅಡಗುತ್ತದೆಂದು ತೋರಿಸಿದರು. ಅಕ್ಕನನ್ನು ತಲುಪಿದ ಶಕ್ತಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ಇಷ್ಟು ಕ್ಷೀಣವಾದ ವಿದ್ಯುತ್ತು ತಲೆಯಿಂದ ತಲೆಗೆ ಹಾರಲಾರದೆಂಬುದು ಅವರಿಗೂ ಮನದಟ್ಟಾಗಿತ್ತು.

ಜರ್ಮನ್ ವಿದ್ವಾಂಸರು ಶೋಧವನ್ನು ಸಂಶಯದಿಂದಲೇ ನೋಡಿದರು. ಮಿದುಳಿನಂಥ ಸಂಕೀರ್ಣ ಅಂಗ ಇಷ್ಟು ಸರಳವಾದ ಲಯದಲ್ಲಿ ಮಿಡಿಯುವುದುಂಟೇ ಎಂಬುದು ಅವರ ಪ್ರಶ್ನೆ. ಸಂಶಯ ಹರಿದದ್ದು 1934ರಲ್ಲಿ. ಆ ವೇಳೆಗೆ ನೊಬೆಲ್ ಪ್ರಶಸ್ತಿ ಪಡೆದಿದ್ದ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್, ಮ್ಯಾಥ್ಯೂಸ್ ಅವರೊಡನೆ ಸೇರಿ ಬರ್ಗರ್ ಪ್ರಯೋಗವನ್ನು ಪುನಃ ನಡೆಸಿದರು. ಏಡ್ರಿಯನ್ ತಲೆಯಿಂದಲೇ ಅದೇ ಅಲೆಗಳು ಹೊಮ್ಮಿದವು. ಅದಕ್ಕೆ ಬರ್ಗರ್ ಲಯವೆಂದು ಹೆಸರಿಡುವ ಔದಾರ್ಯವನ್ನೂ ಅವರು ತೋರಿದರು. 1937ರಲ್ಲಿ ಪ್ಯಾರಿಸ್ಸಿನ ಸಮ್ಮೇಳನದಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ಕುಳಿತರು.

ತರಗತಿಯಲ್ಲಿ ಕಳೆದುಹೋಗುವ ಮಕ್ಕಳು

ಮೂರ್ಛೆರೋಗಿಗಳ ಅಲೆಗಳು ಬೇರೆಯಾಗಿರುತ್ತವೆಂದು ಬರ್ಗರ್ ತಮ್ಮ ಲೇಖನಗಳಲ್ಲಿ ಗುರುತಿಸಿದ್ದರು. ಆದರೆ ಸೆಳವಿನ ನಡುವೆ ದೇಹವೇ ಅದುರುವಾಗ, ಕಾಗದದ ಮೇಲಿನ ಗೆರೆ ಮಿದುಳಿನದೋ ಅದುರಿಕೆಯದೋ ಎಂಬ ಹಳೆಯ ಅನುಮಾನ ಅವರನ್ನು ಬಿಡಲಿಲ್ಲ. ಆ ಗಂಟನ್ನು ಬಿಡಿಸಿದವರು ಅಮೆರಿಕದ ಬಾಸ್ಟನ್ನಿನ ಫ್ರೆಡ್ರಿಕ್ ಗಿಬ್ಸ್, ಹ್ಯಾಲೊವೆಲ್ ಡೇವಿಸ್ ಮತ್ತು ವಿಲಿಯಂ ಲೆನಾಕ್ಸ್.

ಕೆಲವು ಮಕ್ಕಳು ಮಾತಾಡುತ್ತಿರುವಾಗಲೇ ಕೆಲವು ಸೆಕೆಂಡು ಸ್ತಬ್ಧರಾಗುತ್ತಾರೆ. ದೃಷ್ಟಿ ಶೂನ್ಯದಲ್ಲಿ ನಿಲ್ಲುತ್ತದೆ. ಮತ್ತೆ ಏನೂ ನಡೆದೇ ಇಲ್ಲವೆಂಬಂತೆ ಮಾತು ಮುಂದುವರಿಯುತ್ತದೆ. ದಿನಕ್ಕೆ ಹಲವು ಹತ್ತು ಬಾರಿ ಹೀಗಾಗಬಹುದು. ಇದು ಗಮನವಿಲ್ಲದ ಹುಡುಗರ ಹಗಲುಗನಸೆಂದು ಶಿಕ್ಷಕರು ಗದರುತ್ತಾರೆ. 1935ರಲ್ಲಿ ಬಾಸ್ಟನ್ ತಂಡ ತೋರಿಸಿದ್ದು, ಆ ಗಳಿಗೆಯಲ್ಲಿ ಮಿದುಳಿನಲ್ಲಿ ಸೆಕೆಂಡಿಗೆ ಮೂರರಂತೆ ಚೂಪು ಮೊನೆಯ ದೊಡ್ಡ ಅಲೆಗಳು ಏಳುತ್ತವೆಂಬುದನ್ನು. ಇಂಥ ಮಗುವಿನ ದೇಹ ಅದುರುವುದಿಲ್ಲ. ಆದ್ದರಿಂದ ಅಲೆ ಮಿದುಳಿನದೇ ಎಂಬುದರಲ್ಲಿ ಅನುಮಾನಕ್ಕೆ ಆಸ್ಪದವಿರಲಿಲ್ಲ. ದೆವ್ವ, ಶಾಪ, ಸೋಂಬೇರಿತನವೆಂದು ಶತಮಾನಗಳಿಂದ ಕರೆಸಿಕೊಂಡ ರೋಗಕ್ಕೆ ಕಾಗದದ ಮೇಲೆ ಸಾಕ್ಷ್ಯ ದೊರೆಯಿತು.

ಪೀಠದಲ್ಲಿ ಕುಳಿತ ವೈದ್ಯ

ಇದೇ ವರ್ಷಗಳಲ್ಲಿ ಬರ್ಗರ್ ಅವರ ದೇಶ ಮತ್ತೊಂದು ದಾರಿ ಹಿಡಿದಿತ್ತು. ಅಧಿಕಾರಕ್ಕೆ ಬಂದ ನಾತ್ಸಿ ಸರ್ಕಾರ 1933ರ ಜುಲೈ 14ರಂದು ಹೊರಡಿಸಿದ ಶಾಸನದಂತೆ, ವಂಶಪಾರಂಪರ್ಯ ರೋಗವುಳ್ಳವರೆಂದು ಪರಿಗಣಿತರಾದವರಿಗೆ ಬಲವಂತವಾಗಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ನಡೆಸಬಹುದಾಗಿತ್ತು. ಆ ರೋಗಗಳ ಪಟ್ಟಿಯಲ್ಲಿ ಮೂರ್ಛೆರೋಗವೂ ಒಂದು. ಯಾರಿಗೆ ಶಸ್ತ್ರಚಿಕಿತ್ಸೆಯೆಂದು ನಿರ್ಧರಿಸಲು ಅನುವಂಶಿಕ ಆರೋಗ್ಯ ನ್ಯಾಯಾಲಯಗಳು, ಅವುಗಳ ಮೇಲೆ ಮೇಲ್ಮನವಿ ಪೀಠಗಳು ಸ್ಥಾಪನೆಯಾದವು. 1945ರವರೆಗೆ ಸುಮಾರು ನಾಲ್ಕು ಲಕ್ಷ ಮಂದಿ ಈ ಶಾಸನಕ್ಕೆ ಬಲಿಯಾದರೆಂಬುದು ಇತಿಹಾಸಕಾರರ ಅಂದಾಜು.

ಬರ್ಗರ್ ನಾತ್ಸಿಗಳ ವಿರೋಧಿಯಾಗಿದ್ದರು, ಅದರಿಂದಲೇ ಹುದ್ದೆ ಕಳೆದುಕೊಂಡರು, ಆ ನೋವಿನಲ್ಲೇ ಸತ್ತರು ಎಂಬ ಕಥೆ ಯುದ್ಧಾನಂತರ ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿತು. ಇತ್ತೀಚಿನ ದಶಕಗಳಲ್ಲಿ ಇತಿಹಾಸಕಾರರು ಯೇನಾದ ಕಡತಗಳನ್ನು ತೆರೆದಾಗ ಕಥೆ ನಿಲ್ಲಲಿಲ್ಲ. ಬರ್ಗರ್ ನಾತ್ಸಿಗಳ ಎಸ್‌ಎಸ್ ಪಡೆಗೆ ಚಂದಾ ಕೊಡುವ ಪೋಷಕ ಸದಸ್ಯರಾಗಿದ್ದರು. ಯೇನಾದ ಮೇಲ್ಮನವಿ ಪೀಠದಲ್ಲಿ ವೈದ್ಯ ಸದಸ್ಯರಾಗಿ ಕುಳಿತು ಸಂತಾನಶಕ್ತಿಹರಣದ ತೀರ್ಪುಗಳಲ್ಲಿ ಭಾಗಿಯಾಗಿದ್ದರು. 1938ರಲ್ಲಿ ಅವರು ನಿವೃತ್ತರಾದದ್ದು ವಯೋಮಿತಿಯ ನಿಯಮದಂತೆ.

ಅವರನ್ನು ಅದಕ್ಕೆ ದೂಡಿದ್ದು ನಂಬಿಕೆಯೋ, ಅಂಜಿಕೆಯೋ, ಹುದ್ದೆಯ ವಿಧೇಯತೆಯೋ ಎಂಬ ಚರ್ಚೆ ನಡೆಯುತ್ತಲೇ ಇದೆ. ಯಾವುದಾದರೂ ಸರಿ, ಮೇಲ್ಮನವಿ ಸಲ್ಲಿಸಿ ಸೋತವರ ಪಾಲಿಗೆ ಫಲ ಒಂದೇ ಆಗಿತ್ತು. ತನ್ನ ಮಗನ ತಲೆಗೆ ತಂತಿ ಜೋಡಿಸಿ ಮಿದುಳಿನ ರಹಸ್ಯ ಅರಸಿದ ತಂದೆಯೇ, ಪರರು ತಾಯ್ತಂದೆಯಾಗುವ ಹಕ್ಕಿನ ಮೇಲೆ ತೀರ್ಪು ಕೊಟ್ಟರೆಂಬುದು ಅಳಿಸಲಾಗದ ಸತ್ಯ.

ನಿವೃತ್ತಿಯ ಬಳಿಕ ಪ್ರಯೋಗಗಳು ನಿಂತವು. ಹೃದಯದ ತೊಂದರೆಯೂ ತೀವ್ರ ಖಿನ್ನತೆಯೂ ಆವರಿಸಿದವು. 1941ರ ಜೂನ್ 1ರಂದು, ತಾವು ನಾಲ್ಕು ದಶಕ ದುಡಿದ ಚಿಕಿತ್ಸಾಲಯದಲ್ಲೇ, ಬರ್ಗರ್ ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಅರವತ್ತೆಂಟು ವರ್ಷವಾಗಿತ್ತು. ಸಾವಿರಾರು ಮನೋರೋಗಿಗಳನ್ನು ಕಂಡಿದ್ದ ವೈದ್ಯರಿಗೆ ತಮ್ಮ ಖಿನ್ನತೆಗೆ ಮದ್ದು ದೊರೆಯಲಿಲ್ಲ.

ಪ್ರಯೋಗಶಾಲೆಯಿಂದ ಮನೆಗೆ

ಬರ್ಗರ್ ಅವರ ಯಂತ್ರಕ್ಕೆ ಒಂದು ಕತ್ತಲೆ ಕೋಣೆಯೇ ಬೇಕಿತ್ತು. ಆ ಬಳಿಕದ ಯಂತ್ರಗಳು ಅಲಮಾರಿನ ಗಾತ್ರಕ್ಕೆ ಇಳಿದರೂ ಆಸ್ಪತ್ರೆಯ ಗೋಡೆ ದಾಟಲಿಲ್ಲ. 1975ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜಾನ್ ಐವ್ಸ್ ಮತ್ತು ಸಂಗಡಿಗರು, ಸಾಮಾನ್ಯ ಕ್ಯಾಸೆಟ್‌ನಲ್ಲಿ ನಾಲ್ಕು ಸಾಲುಗಳ ಇಇಜಿಯನ್ನು 24 ಗಂಟೆ ಹಿಡಿದಿಡುವ, ರೋಗಿ ಹೊತ್ತು ತಿರುಗಬಹುದಾದ ಸಾಧನವನ್ನು ಪ್ರಕಟಿಸಿದರು. ಕ್ಯಾಸೆಟ್ ಹೋಗಿ ಮೆಮೊರಿ ಕಾರ್ಡ್ ಬಂದಿತು, ಬಳಿಕ ತಂತಿಯಿಲ್ಲದ ಸಂಪರ್ಕವೂ ಬಂದಿತು. ಒಂದೂರಿನಲ್ಲಿ ಮಗುವಿನ ತಲೆಯಿಂದ ಪಡೆದ ದಾಖಲೆಯನ್ನು ಇನ್ನೊಂದೂರಿನ ತಜ್ಞರು ಓದುವುದು ಸಾಧ್ಯವಾಯಿತು.

ಇದರ ಅಗತ್ಯವೇನೆಂಬುದಕ್ಕೆ ಕಾರಣಗಳಿವೆ. ಆಸ್ಪತ್ರೆಯ ಸಾಧಾರಣ ಇಇಜಿ ನಡೆಯುವುದು ಇಪ್ಪತ್ತು ಮೂವತ್ತು ನಿಮಿಷ. ಮೂರ್ಛೆರೋಗವಿದ್ದರೂ ಸುಮಾರು ಅರ್ಧದಷ್ಟು ರೋಗಿಗಳ ಮೊದಲ ಇಇಜಿಯಲ್ಲಿ ಅದರ ಗುರುತು ಕಾಣಿಸದೆ ಹೋಗಬಹುದು. ಮಕ್ಕಳು ಅತ್ತು ಉಸಿರು ಕಟ್ಟುವುದು, ನಿದ್ರೆಯಲ್ಲಿ ಬೆಚ್ಚಿ ಚೀರುವುದು, ತಲೆಸುತ್ತಿ ಬೀಳುವುದು ನೋಡುವವರಿಗೆ ಸೆಳವಿನಂತೆಯೇ ತೋರುತ್ತವೆ. ತಪ್ಪಾಗಿ ಮೂರ್ಛೆರೋಗವೆಂದು ಹೇಳಿದರೆ ಮಗು ವರ್ಷಗಟ್ಟಲೆ ಬೇಡದ ಮಾತ್ರೆ ನುಂಗುತ್ತದೆ. ತಪ್ಪಾಗಿ ಅಲ್ಲವೆಂದರೆ ಅಪಾಯ ಇನ್ನೂ ಹೆಚ್ಚು. ಹಸುಗೂಸುಗಳ ಒಂದು ಬಗೆಯ ಸೆಳವಿನಲ್ಲಿ ಮಗು ಕ್ಷಣಮಾತ್ರ ತಲೆಬಾಗಿ ಕೈಕಾಲು ಮುದುಡುತ್ತದೆ, ಅಷ್ಟೇ. ಹೊಟ್ಟೆನೋವೆಂದು ಮನೆಯವರು ಸುಮ್ಮನಾಗುವುದುಂಟು. ಅಲ್ಲಿ ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಕುಂದು. ನವಜಾತ ಶಿಶುಗಳಲ್ಲಂತೂ ಬಹಳಷ್ಟು ಸೆಳವುಗಳಿಗೆ ಹೊರಗೆ ಯಾವ ಕುರುಹೂ ಇರುವುದಿಲ್ಲ, ಇಇಜಿಯೊಂದೇ ಅವುಗಳನ್ನು ಬಯಲಿಗೆಳೆಯುತ್ತದೆ.

ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ವರದಿಯಾಗಿರುವ ಬಿಸಿನೀರಿನ ಮೂರ್ಛೆ ಇನ್ನೊಂದು ನಿದರ್ಶನ. ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಈ ಸೆಳವು ಮಕ್ಕಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಉಳಿದ ಹೊತ್ತಿನಲ್ಲಿ ತೆಗೆದ ಇಇಜಿ ಬಹುಪಾಲು ಸಹಜವಾಗಿಯೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರ್ಛೆರೋಗದ ಪ್ರಮಾಣ ನಗರದಲ್ಲಿ ಸಾವಿರಕ್ಕೆ 5.7, ಸುತ್ತಲಿನ ಗ್ರಾಮಗಳಲ್ಲಿ 11.9. ರೋಗ ಹೆಚ್ಚಿರುವುದು ಹಳ್ಳಿಯಲ್ಲಿ, ಯಂತ್ರ ಮತ್ತು ತಜ್ಞರು ಇರುವುದು ಪಟ್ಟಣದಲ್ಲಿ. ಹೊತ್ತೊಯ್ಯಬಲ್ಲ ಇಇಜಿ ಈ ಅಂತರವನ್ನು ಕಿರಿದುಗೊಳಿಸಬಲ್ಲದು.

ಯಂತ್ರವೊಂದರಿಂದಲೇ ಎಲ್ಲವೂ ಆಗದು. ಮಗು ತಿಂಡಿ ಅಗಿದರೂ, ತಲೆ ಕೆರೆದುಕೊಂಡರೂ ಗೆರೆಗಳು ಕುಣಿಯುತ್ತವೆ. ವಿದ್ಯುದ್ವಾರಗಳ ಸಂಖ್ಯೆ ಕಡಿಮೆಯಾದಷ್ಟೂ ಮಿದುಳಿನ ಒಂದು ಮೂಲೆಯ ಸೆಳವು ಕಣ್ತಪ್ಪುವ ಸಂಭವ ಹೆಚ್ಚು. ಆದ್ದರಿಂದಲೇ ವೈದ್ಯರು ತಂದೆತಾಯಿಗೆ ಹೊತ್ತು ಹೊತ್ತಿನ ಟಿಪ್ಪಣಿ ಬರೆದಿಡಲು, ಸೆಳವು ಬಂದಾಗ ಮೊಬೈಲಿನಲ್ಲಿ ವೀಡಿಯೊ ತೆಗೆಯಲು ಹೇಳುತ್ತಾರೆ. ಗೆರೆ ಮಿದುಳಿನದೋ ಮೈಕುಲುಕಾಟದ್ದೋ ಎಂದು ಐದು ವರ್ಷ ತಡೆದು ನಿಂತ ಬರ್ಗರ್ ಅವರ ಸಂಶಯ ಇಂದಿಗೂ ಈ ವಿದ್ಯೆಯ ಮೊದಲ ಪಾಠ.

ಎರಡು ಪಾಠ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಐದು ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾಗಿ ರೋಗನಿರ್ಣಯವಾಗಿ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸೆಳವಿಲ್ಲದೆ ಬದುಕಬಲ್ಲರು. ಭಾರತದ ಹಿಂದೂ ವಿವಾಹ ಕಾಯ್ದೆಯಲ್ಲೂ ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತಿತ್ತು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ರೋಗದ ಜೊತೆಗೆ ರೋಗಿಗೂ ಕಳಂಕ ಹಚ್ಚುವ ಅಭ್ಯಾಸ ನಾತ್ಸಿ ಜರ್ಮನಿಗಷ್ಟೇ ಸೀಮಿತವಾದುದಲ್ಲ.

ಮಿದುಳಿನ ಮಾತನ್ನು ಕೇಳುವುದು ಹೇಗೆಂದು ಬರ್ಗರ್ ಜಗತ್ತಿಗೆ ಕಲಿಸಿದರು. ಕೇಳಿಸಿಕೊಂಡ ಮೇಲೆ ರೋಗಿಯೊಡನೆ ಹೇಗೆ ನಡೆದುಕೊಳ್ಳಬಾರದೆಂಬುದಕ್ಕೂ ಅವರ ಬದುಕೇ ಉದಾಹರಣೆಯಾಯಿತು. ಮನೆಯಲ್ಲಿ ಮಲಗಿದ ಮಗುವಿನ ತಲೆಯಿಂದ ರಾತ್ರಿಯಿಡೀ ಅಲೆಗಳನ್ನು ದಾಖಲಿಸುವ ಪುಟ್ಟ ಪೆಟ್ಟಿಗೆ, ಬೆಳಗಾದಾಗ ಆ ಮಗುವಿಗೆ ಏನಾಗಿದೆಯೆಂದು ಹೇಳಬಲ್ಲದು. ಆ ಮಗುವನ್ನು ಮರಳಿ ಶಾಲೆಯ ಬೆಂಚಿಗೆ, ಆಟದ ಬಯಲಿಗೆ ಕಳುಹಿಸುವ ಹೊಣೆ ಮಾತ್ರ ಸುತ್ತಲಿನವರದು.